ನಂಬರ್ ನಲವತ್ತೊಂದು: ನರ್ತಕಿಯ ಬಣ್ಣ ಗೆರೆ ದಾಟಿದೆ

ಕೊರೋನಾ ಮುಗಿದು ಎರಡನೆಯ ವರ್ಷ. ಜಿದ್ದಾದ ಒಂದು ಆಡಿಯೋ-ವಿಶುವಲ್ ಗುತ್ತಿಗೆ ಕಂಪನಿಯಲ್ಲಿ ನಾನು ಸೀನಿಯರ್ ಸೈಟ್ ಇನ್‌ಚಾರ್ಜ್ ಆಗಿದ್ದೆ. ಸೌದಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಪ್ರೊಜೆಕ್ಟರ್ ತೂಗುಹಾಕಿಸುವುದು, ಪರದೆ ಬಿಗಿಸುವುದು, ಕೇಬಲ್ ಎಳೆಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಇಮೇಲ್‌ಗಳಿಗೆ ಉತ್ತರ ಬರೆಯುವುದು. ಮದುವೆ ಹಾಲ್, ಆಸ್ಪತ್ರೆಯ ಮೀಟಿಂಗ್ ರೂಮು, ಶಾಲೆಯ ಆಡಿಟೋರಿಯಂ, ಇಷ್ಟೇ ನನ್ನ ಲೋಕವಾಗಿತ್ತು. ಆ ವರ್ಷ ಮೊದಲ ಸಲ ಒಂದು ಕಲಾಪ್ರದರ್ಶನದ ಕೆಲಸ ಸಿಕ್ಕಿತು, ತಾಯಿಫ್ ನಗರದಲ್ಲಿ.

ಪ್ರದರ್ಶನದ ವಿಷಯ, ನೂರಿಪ್ಪತ್ತು ವರ್ಷಗಳ ಆಚೆ ಯುರೋಪಿನ ರಂಗಮಂದಿರಗಳಲ್ಲಿ ಕುಣಿದ ಹೆಂಗಸರು. ಅವರ ಚಿತ್ರವಿರುವ ಪೋಸ್ಟರುಗಳು, ಅವರ ಭಂಗಿಯಲ್ಲಿ ಎರಕ ಹೊಯ್ದ ಕಂಚಿನ ದೀಪಗಳು, ಛಾಯಾಚಿತ್ರಗಳು, ಕೊನೆಯ ಕೋಣೆಯಲ್ಲಿ ಒಂದು ಸಿನಿಮಾ ತುಣುಕು. ಊರಿನಲ್ಲಿ ಇದನ್ನು ಹೇಳಿದರೆ ಜನ ಹುಬ್ಬೇರಿಸಿ, "ಸೌದಿಯಲ್ಲಿ ಹೆಂಗಸರ ಕುಣಿತವಾ? ತಕರಾರು ಬರಲಿಲ್ಲವಾ?" ಎಂದೇ ಕೇಳುತ್ತಾರೆ. ಕುಣಿತದ ಬಗ್ಗೆ ಯಾರೂ ಒಂದಕ್ಷರ ತಕರಾರು ಮಾಡಲಿಲ್ಲ. ಪರವಾನಗಿ ನಮ್ಮ ಕೇಬಲ್‌ಗಿಂತ ಮೊದಲೇ ಬಂದಿತ್ತು. ತಕರಾರು ಬಂದದ್ದು ಬಣ್ಣದ ಮೇಲೆ, ಅದೂ ಎರಡು ಕಡೆಯಿಂದ, ಒಂದಕ್ಕೊಂದು ತದ್ವಿರುದ್ಧವಾಗಿ. ನಡುವೆ ಸಿಕ್ಕಿಬಿದ್ದವನು ನಾನು.

ಮೊದಲು ಆ ತುಣುಕಿನ ಬಗ್ಗೆ ಹೇಳಬೇಕು. ಒಟ್ಟು ಐವತ್ತೆರಡು ಸೆಕೆಂಡ್. ಮಾತಿಲ್ಲ, ಸಂಗೀತವಿಲ್ಲ. ಒಬ್ಬಳೇ ನರ್ತಕಿ. ಅವಳ ಉಡುಪಿನಲ್ಲಿ ಗಜಗಟ್ಟಲೆ ತೆಳು ರೇಷ್ಮೆ. ಎರಡೂ ಕೈಯಲ್ಲಿ ಬಟ್ಟೆಯೊಳಗೆ ಹೊಲಿದ ಉದ್ದನೆಯ ಕೋಲುಗಳು. ಕೈ ತಿರುಗಿಸಿದಂತೆ ಬಟ್ಟೆ ಗಾಳಿಯಲ್ಲಿ ಎದ್ದು ಒಮ್ಮೆ ಹೂವಾಗುತ್ತದೆ, ಒಮ್ಮೆ ಚಿಟ್ಟೆಯಾಗುತ್ತದೆ, ಒಮ್ಮೆ ಬೆಂಕಿಯಾಗುತ್ತದೆ. ಆ ಕಾಲದ ರಂಗದ ಮೇಲೆ ಈ ಬಟ್ಟೆಗೆ ಬಣ್ಣದ ದೀಪ ಬಿಡುತ್ತಿದ್ದರಂತೆ. ಸಿನಿಮಾದಲ್ಲಿ ಆಗಿನ್ನೂ ಬಣ್ಣವಿರಲಿಲ್ಲ. ಅದಕ್ಕೆ ಫಿಲ್ಮಿನ ಒಂದೊಂದು ಚಿತ್ರಕ್ಕೂ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಒಂದು ಚಿತ್ರ, ಅಂದರೆ ಒಂದು ಫ್ರೇಮ್, ಅಂಚೆ ಚೀಟಿಗಿಂತ ಚಿಕ್ಕದು. ಸೆಕೆಂಡಿಗೆ ಹದಿನಾರರಂತೆ ನಮ್ಮ ತುಣುಕಿನಲ್ಲಿ ಎಂಟುನೂರ ಮೂವತ್ತೆರಡು ಫ್ರೇಮ್. ಸಾಲಾಗಿ ಕೂತ ಹೆಂಗಸರು ಸಣ್ಣ ಕುಂಚ ಹಿಡಿದು, ಗಾಜಿನ ಕೆಳಗಿನ ಬೆಳಕಿನಲ್ಲಿ ಕಣ್ಣು ಕಿರಿದುಮಾಡಿ ಈ ಕೆಲಸ ಮಾಡುತ್ತಿದ್ದರು. ಇಷ್ಟು ಚಿಕ್ಕ ಜಾಗದಲ್ಲಿ ಕೈ ಒಂದು ಕೂದಲೆಳೆ ಜರುಗಿದರೂ ಬಣ್ಣ ಬಟ್ಟೆಯ ಗೆರೆ ದಾಟುತ್ತದೆ. ನಮ್ಮ ಹನ್ನೆರಡು ಅಡಿಯ ಪರದೆಯ ಮೇಲೆ ಆ ಕೂದಲೆಳೆ ಒಂದು ಬೆರಳಗಲ ಆಗುತ್ತದೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನೌರಾ. ಆ ಸಾಂಸ್ಕೃತಿಕ ಕೇಂದ್ರದ ಕ್ಯುರೇಟರ್, ಅಂದರೆ ಪ್ರದರ್ಶನವನ್ನು ಕಲ್ಪಿಸಿ ರೂಪಿಸುವವರು. ತಾಯಿಫಿನವರೇ, ಮೂವತ್ತರ ಆಚೆ ಈಚೆ ವಯಸ್ಸು. ಅವರು ಸ್ವತಂತ್ರವಾಗಿ ಹೊತ್ತ ಮೊದಲ ಪ್ರದರ್ಶನ ಅದು. ಆ ತುಣುಕನ್ನು ಯುರೋಪಿನ ಒಂದು ಚಲನಚಿತ್ರ ಭಂಡಾರದಿಂದ, ಅಲ್ಲಿಯವರು ಆರ್ಕೈವ್ ಎನ್ನುವ ಸಂಸ್ಥೆಯಿಂದ, ಡಿಜಿಟಲ್ ಪ್ರತಿಯಾಗಿ ತರಿಸಿಕೊಳ್ಳಲು ಅವರಿಗೆ ಎರಡು ವರ್ಷ ಹಿಡಿದಿತ್ತಂತೆ. ಒಪ್ಪಂದಕ್ಕೆ ಸಹಿ ಹಾಕಿದ್ದು ಅವರೇ. ಅದರ ನಾಲ್ಕನೆಯ ಷರತ್ತನ್ನು ಮೊದಲ ದಿನವೇ ನನ್ನೆದುರು ಓದಿದರು: ಚಿತ್ರವನ್ನು ಕತ್ತರಿಸಬಾರದು, ವೇಗ ಬದಲಿಸಬಾರದು, ಬಣ್ಣ ತಿದ್ದಬಾರದು, ತಿದ್ದಿದರೆ ತಕ್ಷಣ ಹಿಂದಕ್ಕೆ. ನಾನು "ನೋಟೆಡ್" ಎಂದೆ.

ಈ "ನೋಟೆಡ್" ನಮ್ಮ ವೃತ್ತಿಯ ರಾಮಬಾಣ. ಕೇಳಿಸಿತು ಎಂದೂ ಆಯಿತು, ಒಪ್ಪಿದೆ ಎಂದೂ ಆಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಇದನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ದೇವರಿಗೇ ಗೊತ್ತು.

ಎರಡನೆಯ ಕಡೆಯವರು ಎಂಜಿನಿಯರ್ ಹಿಶಾಮ್. ಈಜಿಪ್ಟಿನವರು, ಐವತ್ತೈದು ದಾಟಿದ ಮನುಷ್ಯ, ಕನ್ಸಲ್ಟೆಂಟ್ ಕಂಪನಿಯ ಪರವಾಗಿ ನಮ್ಮ ಕೆಲಸವನ್ನು ತಪಾಸಣೆ ಮಾಡುವವರು. ಗಲ್ಫಿನಲ್ಲಿ ಯಾವ ಕೆಲಸವೂ ಸುಮ್ಮನೆ ಮುಗಿಯುವುದಿಲ್ಲ. ಮುಗಿಯಿತು ಎಂದು ನಾವು ಹೇಳಿದ ಮೇಲೆ ಕನ್ಸಲ್ಟೆಂಟ್ ಬಂದು ಕೊರತೆಗಳ ಪಟ್ಟಿ ಮಾಡುತ್ತಾರೆ. ಅದಕ್ಕೆ ಸ್ನ್ಯಾಗ್ ಲಿಸ್ಟ್ ಎನ್ನುತ್ತಾರೆ. ಪ್ರತಿ ಕೊರತೆಗೂ ಒಂದು ನಂಬರು, ಒಂದು ದರ್ಜೆ. ಎ ಎಂದರೆ ಅಪಾಯ. ಬಿ ಎಂದರೆ ಸರಿಪಡಿಸುವ ತನಕ ಆ ಕೋಣೆ ತೆರೆಯುವಂತಿಲ್ಲ. ಸಿ ಎಂದರೆ ತೆರೆದುಕೊಳ್ಳಿ, ನಿಧಾನವಾಗಿ ಮಾಡಿ. ಸರಿಪಡಿಸಿದ ಪ್ರತಿ ನಂಬರಿನ ಮುಂದೆ "ಕ್ಲೋಸ್ಡ್" ಎಂದು ಬೀಳಬೇಕು. ಅದು ಬೀಳುವವರೆಗೆ ಅನ್ನ ಸೇರುವುದಿಲ್ಲ.

ಉದ್ಘಾಟನೆ ಗುರುವಾರ ಸಂಜೆ. ಅದಕ್ಕೆ ಹನ್ನೊಂದು ದಿನ ಮೊದಲು, ಒಂದು ಭಾನುವಾರ, ಹಿಶಾಮ್ ಟಾರ್ಚು, ಟೇಪು, ಮಟ್ಟಗೋಲು ಹಿಡಿದು ಬಂದರು. ಎರಡೂವರೆ ಗಂಟೆಯಲ್ಲಿ ಐವತ್ತೇಳು ಕೊರತೆ. ನಂಬರ್ ಹದಿನೇಳು: ಕಂಚಿನ ನರ್ತಕಿಯ ಎಡಗೈಯ ಕಿರುಬೆರಳು ಮುರಿದಿದೆ, ಬದಲಾಯಿಸಿ. ನಂಬರ್ ಮೂವತ್ತು: ಪೋಸ್ಟರಿನ ಕಾಗದ ಹಳದಿಗಟ್ಟಿದೆ. ನಂಬರ್ ಮೂವತ್ತೊಂಬತ್ತು: ಚಿತ್ರಕ್ಕೆ ಧ್ವನಿ ಇಲ್ಲ, ಸ್ಪೀಕರ್ ಪರೀಕ್ಷಿಸಿ. ನಂಬರ್ ನಲವತ್ತೊಂದು: ಚಿತ್ರದಲ್ಲಿ ನರ್ತಕಿಯ ಬಟ್ಟೆಯಿಂದ ಬಣ್ಣ ಹೊರಗೆ ಸೋರುತ್ತಿದೆ, ನಡುಗುತ್ತಿದೆ. ಪ್ರೊಜೆಕ್ಟರ್ ಸರಿಪಡಿಸಿ. ದರ್ಜೆ ಬಿ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಇಕ್ಬಾಲ್ ಆ ಪಟ್ಟಿ ಓದಿ ತಲೆಮೇಲೆ ಕೈಹೊತ್ತ. ಇಕ್ಬಾಲ್ ಉಳ್ಳಾಲದ ಬ್ಯಾರಿ, ನನ್ನ ಜೊತೆ ಒಂಬತ್ತು ವರ್ಷದಿಂದ ಇರುವ ಪ್ರೋಗ್ರಾಮರ್. ಚಿತ್ರ, ಧ್ವನಿ, ದೀಪ ಎಲ್ಲವನ್ನೂ ಓಡಿಸುವ ಮೀಡಿಯಾ ಸರ್ವರ್ ಅವನ ಕೈಯಲ್ಲಿ.

"ಸದಣ್ಣ, ಇವರಿಗೆ ಎಂತ ಆಗಿದೆ ಮಾರಾಯ್ರೆ? ನೂರು ವರ್ಷದ ಹಿಂದಿನ ಬೆರಳು ನಾವು ಎಲ್ಲಿಂದ ತರುವುದು?"

"ನೋಟೆಡ್ ಅಂತ ಬರೆ," ಎಂದೆ.

ಐವತ್ತಾರನ್ನು ಒಂದು ವಾರದಲ್ಲಿ ಹೇಗೋ ಕ್ಲೋಸ್ ಮಾಡಿದೆವು. ಬೆರಳಿಗೆ ನೌರಾ ಒಂದು ಹಳೆಯ ಫೋಟೋ ಕೊಟ್ಟರು. ಬೆರಳು ಮೊದಲೇ ಇರಲಿಲ್ಲ ಎಂದು ಸಾಬೀತಾಯಿತು. ಧ್ವನಿಗೆ ಆರ್ಕೈವ್‌ನ ಪತ್ರ ಲಗತ್ತಿಸಿದೆವು. ಉಳಿದದ್ದು ನಲವತ್ತೊಂದು. ನಾನು ಪ್ರೊಜೆಕ್ಟರ್ ಪರೀಕ್ಷೆಯ ವರದಿ ಕೊಟ್ಟೆ. ಹಿಶಾಮ್ "ಹಾಗಾದರೆ ಕೇಬಲ್" ಎಂದರು. ಕೇಬಲ್ ಬದಲಿಸಿದೆ, "ಹಾಗಾದರೆ ಫೈಲ್" ಎಂದರು. ಫೈಲ್ ಮುಟ್ಟುವ ಹಾಗಿಲ್ಲ ಎಂದು ಬರೆದೆ. ಅದಕ್ಕೆ ಅವರ ಉತ್ತರ ಒಂದೇ ಸಾಲು: ದೋಷವಿರುವ ಸಾಮಗ್ರಿಯನ್ನು ಪೂರೈಸಿದವರು ಯಾರೇ ಆಗಿರಲಿ, ದೋಷ ದೋಷವೇ. ಇತ್ತ ನೌರಾ ಮತ್ತೆ ನಾಲ್ಕನೆಯ ಷರತ್ತು ಕಳಿಸಿದರು. ಎರಡೂ ಇಮೇಲ್‌ಗಳಿಗೆ ನಾನು ಬರೆದದ್ದು ಒಂದೇ ಶಬ್ದ. ಯಾವ ಶಬ್ದ ಎಂದು ಮತ್ತೆ ಹೇಳಬೇಕಾಗಿಲ್ಲ.

ಉದ್ಘಾಟನೆಯ ವಾರದ ಭಾನುವಾರ ಬೆಳಿಗ್ಗೆ ಎಂಟಕ್ಕೇ ನೌರಾ ಸೈಟಿಗೆ ಬಂದರು. ಸಿನಿಮಾ ಕೋಣೆಯ ಬಾಗಿಲಿಗೆ ಕೆಂಪು ಟ್ಯಾಗ್ ನೇತಾಡುತ್ತಿತ್ತು. ಬಿ ದರ್ಜೆಯ ಕೊರತೆ ಬಾಕಿಯಿದೆ, ಪ್ರವೇಶವಿಲ್ಲ ಎಂಬ ಟ್ಯಾಗ್. ಅವರು ಅದನ್ನು ಕೈಯಲ್ಲಿ ಹಿಡಿದು ಓದಿದರು.

"ಗುರುವಾರ ಈ ಬಾಗಿಲು ತೆರೆಯದಿದ್ದರೆ ಉಳಿದ ನಾಲ್ಕು ಕೋಣೆಗೆ ಅರ್ಥವಿಲ್ಲ," ಎಂದರು. "ಅಲ್ಲಿರುವುದೆಲ್ಲ ನಿಂತ ಚಿತ್ರಗಳು. ಅವಳು ಕುಣಿಯುವುದು ಇಲ್ಲಿ ಮಾತ್ರ."

"ತೆರೆಯುತ್ತದೆ ಮೇಡಂ," ಎಂದೆ. ಹೇಗೆ ಎಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಹೇಗೆ ಎನ್ನುವುದು ನಮ್ಮ ಕಸುಬಿನ ಎಲ್ಲರಿಗೂ ಗೊತ್ತು. ತಪಾಸಣೆಗೆ ಒಂದು ತೋರಿಸು, ಸಹಿ ಬಿದ್ದ ಮೇಲೆ ಇನ್ನೊಂದು ಹಾಕು. ಪರೀಕ್ಷೆಯ ದಿನ ಬೇರೆ ಸೈಟಿನ ಒಳ್ಳೆಯ ಸ್ಪೀಕರ್ ತಂದು ಕೂರಿಸಿದ್ದುಂಟು. ಗೀರು ಬಿದ್ದ ಫಲಕದ ಮುಂದೆ ಹೂಕುಂಡ ಇಟ್ಟದ್ದುಂಟು. ಅದನ್ನು ನಾವು ಮೋಸ ಎನ್ನುವುದಿಲ್ಲ, ಮ್ಯಾನೇಜ್ ಮಾಡುವುದು ಎನ್ನುತ್ತೇವೆ. ಇಲ್ಲಂತೂ ನನ್ನ ಮನಸ್ಸು ಚೊಕ್ಕವಾಗಿಯೇ ಇತ್ತು. ಹಿಶಾಮರಿಗೆ ತಿದ್ದಿದ ಚಿತ್ರ ತೋರಿಸುವುದು, ಅವರು ಸಹಿ ಹಾಕಿ ಕಾರು ಹತ್ತಿದ ಕೂಡಲೇ ಮೂಲ ಚಿತ್ರ ಹಾಕುವುದು. ಹಿಶಾಮರಿಗೆ ಬೇಕಾದದ್ದು ಸಿಕ್ಕಿತು, ನೌರಾರ ಷರತ್ತೂ ಉಳಿಯಿತು, ಯಾರಿಗೆ ನಷ್ಟ?

ಇಕ್ಬಾಲ್ ಮೊದಲು ಒಪ್ಪಲಿಲ್ಲ.

"ಸದಣ್ಣ, ನನಗೆ ಯಾಕೋ ಇದು ಸರಿ ಕಾಣುವುದಿಲ್ಲ. ಅವರಿಗೆ ಒಂದು ಸಲ ಕೂತು ಹೇಳುವ. ಇದು ಕೈ ಕೆಲಸ ಅಂತ."

"ಹಿಶಾಮರಿಗೆ ಹೇಳುವುದಾ? ಬೆರಳು ತಂದು ಅಂಟಿಸಿ ಎಂದವರಿಗೆ? ನಿನಗೆ ತಲೆ ಸರಿ ಉಂಟಾ ಮಾರಾಯ?"

ಅವನು ಲ್ಯಾಪ್‌ಟಾಪ್ ತೆರೆದ. ಅಂದೇ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕೂತೆವು. ಬಟ್ಟೆಯ ಅಂಚನ್ನು ತಾನೇ ಗುರುತಿಸಿ ಹೊರಗಿನ ಬಣ್ಣವನ್ನು ಅಳಿಸುವ ಸಾಫ್ಟ್‌ವೇರ್ ಉಂಟು. ಅದಕ್ಕೆ ಸಿಗದ ಕಡೆ ನಾನೇ ಮೌಸ್ ಹಿಡಿದು ಒರೆಸಿದೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಗಲ್ಫಿಗೆ ಬರುವ ಮೊದಲು ನಾನು ಕಾರ್ಕಳದ ಒಂದು ಫೋಟೋ ಸ್ಟುಡಿಯೋದಲ್ಲಿ ಮೂರು ವರ್ಷ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚಿದವನು. ಹಳಬರು ತೀರಿಕೊಂಡ ಹಿರಿಯರ ಫೋಟೋ ದೊಡ್ಡದು ಮಾಡಿಸಲು ತರುತ್ತಿದ್ದರು. ಹೆಂಗಸರ ಹಣೆಗೆ ಕುಂಕುಮ, ಸೀರೆಗೆ ಹಸಿರು, ಗಂಡಸರ ಮುಂಡಾಸಿಗೆ ಕೆಂಪು. ಗೆರೆ ದಾಟದಂತೆ ಉಸಿರು ಬಿಗಿಹಿಡಿದು ಹಚ್ಚುವ ಕೆಲಸ ಎಂಥದ್ದು ಎಂದು ನನ್ನ ಬೆರಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಂದು ಏಳು ಗಂಟೆ ಕೂತು, ಯಾರೋ ಉಸಿರು ಬಿಗಿಹಿಡಿದು ಹಚ್ಚಿದ್ದನ್ನು ಅಳಿಸಿದೆ. ಮುಗಿದಾಗ ಚಿತ್ರ ಎಷ್ಟು ಚೊಕ್ಕವಾಗಿತ್ತೆಂದರೆ ನನಗೆ ಹೆಮ್ಮೆಯೇ ಆಯಿತು. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಸೋಮವಾರ ಹನ್ನೊಂದಕ್ಕೆ ಹಿಶಾಮ್ ಬಂದು ಮೂರು ಸಲ ನೋಡಿದರು. "ತಮಾಮ್, ಸರಿಯಾಯಿತು! ಇಷ್ಟೇ ತಾನೇ ನಾನು ಕೇಳಿದ್ದು?" ಎಂದು ನನ್ನ ಬೆನ್ನು ತಟ್ಟಿ, ನಲವತ್ತೊಂದರ ಮುಂದೆ "ಕ್ಲೋಸ್ಡ್" ಬರೆದು, ಕೆಂಪು ಟ್ಯಾಗ್ ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ಚೀಲದಿಂದ ಒಂದು ಟೇಪಿನ ಸುರುಳಿ ತೆಗೆದರು. ಅದರ ಮೇಲೆ ಅವರ ಕಂಪನಿಯ ಹೆಸರು, ಸಹಿಗೆ ಜಾಗ. ಸರ್ವರ್ ಇಟ್ಟ ಕಪಾಟಿನ ಬಾಗಿಲಿಗೆ ಅಡ್ಡಲಾಗಿ ಅಂಟಿಸಿ ಸಹಿ ಹಾಕಿದರು.

"ಇದೇನು ಬಾಶ್‌ಮುಹಂದಿಸ್?" ಎಂದೆ. ಈಜಿಪ್ಟಿನವರು ಎಂಜಿನಿಯರನ್ನು ಗೌರವದಿಂದ ಹೀಗೆ ಕರೆಯುತ್ತಾರೆ.

"ಹೊಸ ನಿಯಮ ಸದೀಕ್, ಗೆಳೆಯಾ. ಸಹಿ ಬಿದ್ದ ಮೇಲೆ ಕೆಲವು ಗುತ್ತಿಗೆದಾರರು ಸಾಮಾನು ಬದಲಿಸುತ್ತಾರೆ. ನಿನ್ನಂಥವನಲ್ಲ ಬಿಡು, ಬೇರೆಯವರು." ಪಾಸ್‌ವರ್ಡನ್ನೂ ಅವರೇ ಬದಲಿಸಿ ಬರೆದುಕೊಂಡು ಹೋದರು.

ಇಕ್ಬಾಲ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮೂಲ ಚಿತ್ರ ಅವನ ಡ್ರೈವಿನಲ್ಲಿ ಭದ್ರವಾಗಿತ್ತು, ಅದರಲ್ಲಿ ಸಂಶಯವಿಲ್ಲ. ಅದನ್ನು ಹಾಕುವ ದಾರಿ ಮಾತ್ರ ಟೇಪಿನ ಆಚೆಗಿತ್ತು. ಪರವಾಗಿಲ್ಲ, ಒಂದು ವಾರ ಕಳೆಯಲಿ, ಏನಾದರೊಂದು ರಿಪೇರಿಯ ನೆಪದಲ್ಲಿ ತೆಗೆಸೋಣ, ಯಾರಿಗೆ ಗೊತ್ತಾಗುತ್ತದೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಆ ಸಮಾಧಾನ ಒಂದು ದಿನವೂ ಬಾಳಲಿಲ್ಲ. ಮಂಗಳವಾರ ಮಧ್ಯಾಹ್ನ ನೌರಾರ ಸಂದೇಶ ಬಂತು. ಆರ್ಕೈವ್‌ನಿಂದ ಒಬ್ಬ ಮಹಿಳೆ ಬುಧವಾರ ಸಂಜೆ ನಾಲ್ಕಕ್ಕೆ ಬರುತ್ತಾರೆ. ತಮ್ಮ ಪ್ರತಿಯ ಜೊತೆ ಹೋಲಿಸಿ ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಪ್ರದರ್ಶನ. ಕೊನೆಯಲ್ಲಿ ಒಂದು ನಗುವಿನ ಚಿಹ್ನೆ, ನನಗೆ ಧನ್ಯವಾದ.

ಬುಧವಾರ ಬೆಳಿಗ್ಗೆ ಎಂಟಕ್ಕೇ ನೌರಾರನ್ನು ಸಿನಿಮಾ ಕೋಣೆಗೆ ಕರೆದೆ. ಏನೂ ಹೇಳದೆ ಚಿತ್ರ ಓಡಿಸಿದೆ. ಐವತ್ತೆರಡು ಸೆಕೆಂಡ್. ಅವರು ಮತ್ತೊಮ್ಮೆ ಹಾಕಿಸಿದರು. ನಾನು ನಡೆದದ್ದೆಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಅವರು ಬೆಂಚಿನ ಮೇಲೆ ಕೂತುಬಿಟ್ಟರು.

"ಕುಣಿದವಳನ್ನು ಎಲ್ಲರೂ ನೋಡುತ್ತಾರೆ," ಎಂದರು. "ಬಣ್ಣ ಹಚ್ಚಿದವರು ಇದ್ದರು ಎನ್ನುವುದಕ್ಕೆ ಆ ನಡುಕ ಒಂದೇ ಸಾಕ್ಷಿ. ನೀವು ಅವರನ್ನು ಒರೆಸಿಬಿಟ್ಟಿರಿ." ಇನ್ನೊಂದು ಮಾತು ಸೇರಿಸಿದರು: "ಆ ಒಪ್ಪಂದದಲ್ಲಿ ಇರುವುದು ನನ್ನ ಹೆಸರು. ಇನ್ನು ಮುಂದೆ ನನಗೆ ಯಾರೂ ಒಂದು ಪೋಸ್ಟರನ್ನೂ ಕಳಿಸುವುದಿಲ್ಲ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಟೇಪು ಕಿತ್ತು ಮೂಲ ಚಿತ್ರ ಹಾಕೋಣ ಎಂದರೆ ಪಾಸ್‌ವರ್ಡ್ ಇಲ್ಲ. ಇದ್ದರೂ ಹರಿದ ಟೇಪು ಕಂಡರೆ ಹಿಶಾಮ್ ಇಡೀ ಕಟ್ಟಡಕ್ಕೆ ಕೆಂಪು ಟ್ಯಾಗ್ ಹಾಕುವ ಮನುಷ್ಯ. ಉಳಿದ ದಾರಿ ಒಂದೇ. ಫೋನ್ ಮಾಡಿದೆ. ಹತ್ತೂವರೆಗೆ ಹಿಶಾಮ್ ಬಂದರು. ನೌರಾ, ಇಕ್ಬಾಲ್ ಇಬ್ಬರ ಎದುರೇ ಹೇಳಿದೆ: ಸೋಮವಾರ ನೀವು ನೋಡಿದ್ದು ನಿಮಗಾಗಿ ತಿದ್ದಿದ ಚಿತ್ರ; ನೀವು ಹೋದ ಮೇಲೆ ಬದಲಿಸುವವನಿದ್ದೆ.

ಅವರ ಮುಖ ಕೆಂಪಗಾಯಿತು. "ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಎಷ್ಟು ಸಲ ಮಾಡಿದ್ದೀ?"

"ಲೆಕ್ಕ ಇಟ್ಟಿಲ್ಲ ಬಾಶ್‌ಮುಹಂದಿಸ್."

"ನಿನ್ನ ಕಂಪನಿಗೆ ಪತ್ರ ಬರೆಯುತ್ತೇನೆ."

"ಬರೆಯಿರಿ. ಆದರೆ ಅದಕ್ಕೂ ಮೊದಲು ಹತ್ತು ನಿಮಿಷ ಇಲ್ಲಿ ಕೂತುಕೊಳ್ಳಿ." ಹತ್ತು ದಿನದ ಹಿಂದೆ ಹೇಳಬೇಕಾಗಿದ್ದ ಮಾತು ಅದು. ಆಗ ಹೇಳಿದ್ದರೆ ಹತ್ತು ನಿಮಿಷದ ಕೆಲಸ.

ಅವರು ಗೊಣಗುತ್ತಲೇ ಕೂತರು. ಇಕ್ಬಾಲ್ ತನ್ನ ಲ್ಯಾಪ್‌ಟಾಪಿನಲ್ಲಿ ಮೂಲ ಚಿತ್ರವನ್ನು ಒಂದೊಂದೇ ಫ್ರೇಮಾಗಿ ಮುಂದೆ ಸರಿಸಿದ. ಕಾರ್ಕಳದ ಸ್ಟುಡಿಯೋ ಕಥೆ ಹೇಳಿ, ಕುಂಚದ ತುದಿ ಹೇಗೆ ಒದ್ದೆಯಾಗಿ ಹರಡುತ್ತದೆ, ಬೆರಳು ಸೋತಾಗ ಬಣ್ಣ ಯಾವ ಕಡೆಗೆ ಜಾರುತ್ತದೆ ಎಂದು ನಾನು ತೋರಿಸುತ್ತಾ ಹೋದೆ. ಮೊದಲ ಐವತ್ತು ಫ್ರೇಮುಗಳಿಗೆ ಅವರು ವಾಚು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನೂರ ಹತ್ತರ ಸುಮಾರಿಗೆ ಒಂದು ಫ್ರೇಮಿನಲ್ಲಿ ಕೆಂಪೇ ಇರಲಿಲ್ಲ. ಮುಂದಿನದರಲ್ಲಿ ಇಮ್ಮಡಿ ಇತ್ತು. ಇನ್ನೊಂದರಲ್ಲಿ ಕುಂಚದ ಒಂದು ಕೂದಲು ಬಣ್ಣದೊಳಗೆ ಅಂಟಿ ಹಾಗೇ ಉಳಿದಿತ್ತು.

"ನಿಲ್ಲಿಸು," ಎಂದರು ಹಿಶಾಮ್. ನಾನೂರ ಹನ್ನೆರಡನೆಯ ಫ್ರೇಮ್. "ಹಿಂದಕ್ಕೆ ಹೋಗು. ಈಗ ಮುಂದಕ್ಕೆ." ಅವರು ಎದ್ದು ಲ್ಯಾಪ್‌ಟಾಪಿನ ಹತ್ತಿರ ಬಂದು ಟಾರ್ಚಿನ ಹಿಂಬದಿಯಿಂದ ತೋರಿಸಿದರು. "ಇಲ್ಲಿಯವರೆಗೆ ಬಣ್ಣ ಬಲಗಡೆಗೆ ಜಾರುತ್ತಿತ್ತು. ಇಲ್ಲಿಂದ ಎಡಗಡೆಗೆ. ಕೆಲಸದವರು ಬದಲಾಗಿದ್ದಾರೆ. ಇವಳು ಎಡಗೈಯವಳು."

ನಾವು ಮೂವರೂ ಲ್ಯಾಪ್‌ಟಾಪಿಗೆ ಬಗ್ಗಿದೆವು. ನೌರಾ ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದರು. ಬಣ್ಣದ ಕೆಲಸ ಗೊತ್ತಿದ್ದ ನಾನು ಏಳು ಗಂಟೆ ಅದರ ಮೇಲೆ ಮೌಸ್ ಆಡಿಸಿದ್ದೆ. ನಮ್ಮ ಯಾರ ಕಣ್ಣಿಗೂ ಬೀಳದ್ದು ಈ ಮನುಷ್ಯನ ಕಣ್ಣಿಗೆ ಬಿತ್ತು. ಕೈರೋದಲ್ಲಿ ಹದಿನಾಲ್ಕು ವರ್ಷ ಗೋಡೆಯ ಗಾರೆ ಕೆಲಸದ ಮೇಲ್ವಿಚಾರಣೆ ಮಾಡಿದ್ದರಂತೆ. ಒಂದು ಗೋಡೆಯಲ್ಲಿ ಯಾವ ಮೇಸ್ತ್ರಿ ಎಲ್ಲಿ ನಿಲ್ಲಿಸಿದ, ಇನ್ನೊಬ್ಬ ಎಲ್ಲಿ ಶುರುಮಾಡಿದ ಎಂದು ಬೆಳಕು ಓರೆಯಾಗಿ ಹಿಡಿದು ಹೇಳಬಲ್ಲರಂತೆ. ನಾನು ಯಾರನ್ನು ತಲೆಕೆಟ್ಟ ತಪಾಸಣೆಗಾರ ಎಂದು ಒಂದು ವಾರ ಬೈದುಕೊಂಡಿದ್ದೆನೋ, ಅವರ ಆ ಹುಳುಕು ಹುಡುಕುವ ಕಣ್ಣಿಗೇ ಈ ಹೆಂಗಸರು ಸಿಕ್ಕಿದ್ದು.

ಹತ್ತು ನಿಮಿಷ ಎಂದು ಕೂತವರು ಒಂದೂಮುಕ್ಕಾಲು ಗಂಟೆ ಕೂತರು. ಎಂಟುನೂರ ಮೂವತ್ತೆರಡನ್ನೂ ನೋಡಿದರು. ಕೊನೆಗೆ, "ಕೆಂಪು ಬಣ್ಣ ಒಂದರಲ್ಲೇ ಕನಿಷ್ಠ ಮೂವರು," ಎಂದರು. ನೌರಾ ನೋಟ್‌ಬುಕ್ ತೆಗೆದು ಪ್ರತಿ ಫ್ರೇಮಿನ ನಂಬರು ಬರೆದುಕೊಂಡಿದ್ದರು.

ಹಿಶಾಮ್ ಎದ್ದು ನೇರ ಸರ್ವರ್ ಕಪಾಟಿಗೆ ಹೋಗಿ ತಮ್ಮ ಟೇಪನ್ನು ತಾವೇ ಕಿತ್ತರು. ಪಾಸ್‌ವರ್ಡ್ ಹಾಕಿಕೊಟ್ಟರು. ಇಕ್ಬಾಲ್ ಮೂಲ ಚಿತ್ರ ಹಾಕಿದ. ಆಮೇಲೆ ಹಿಶಾಮ್ ಪಟ್ಟಿ ತೆಗೆದು ನಲವತ್ತೊಂದರ ಮುಂದಿನ "ಕ್ಲೋಸ್ಡ್" ಹೊಡೆದುಹಾಕಿ "ಆಕ್ಷೇಪ ಹಿಂಪಡೆಯಲಾಗಿದೆ" ಎಂದು ಬರೆದು ಸಹಿ ಹಾಕಿದರು. ಒಬ್ಬ ಕನ್ಸಲ್ಟೆಂಟ್ ತನ್ನ ಆಕ್ಷೇಪ ಹಿಂಪಡೆದದ್ದನ್ನು ನನ್ನ ಇಡೀ ವೃತ್ತಿಯಲ್ಲಿ ನಾನು ಕಂಡದ್ದು ಅದೊಂದೇ ಸಲ.

ಕಣ್ತುಂಬಿದ ನೌರಾ "ಶುಕ್ರನ್" ಎಂದು ಧನ್ಯವಾದ ಹೇಳಿದರು. ಹಿಶಾಮ್ ಕೇಳಿಸಿಕೊಳ್ಳಲಿಲ್ಲ. ಅವರು ಗೋಡೆಯ ಮೇಲಿನ ಲೇಬಲ್ ಓದುತ್ತಿದ್ದರು. ನರ್ತಕಿ: ಹೆಸರು ತಿಳಿದಿಲ್ಲ. ಕೈಯಿಂದ ಬಣ್ಣ ಹಚ್ಚಿದ ಪ್ರತಿ. ಅವರ ಹುಬ್ಬು ಗಂಟಾಯಿತು. ಆ ಗಂಟು ನನಗೆ ಚೆನ್ನಾಗಿ ಪರಿಚಯ.

"ಯಾರ ಕೈಯಿಂದ?" ಎಂದು ಕೇಳಿದರು.

"ಹೆಸರು ಸಿಗುವುದಿಲ್ಲ," ಎಂದರು ನೌರಾ. "ಹುಡುಕಿದ್ದೇನೆ. ಆ ಕಾರ್ಯಾಗಾರಗಳು ಬಣ್ಣದವರ ಹೆಸರು ಬರೆದಿಡಲಿಲ್ಲ. ಕುಣಿದವಳದ್ದೂ ಅಷ್ಟೇ. ಆಗ ಒಬ್ಬಳು ಈ ನೃತ್ಯದಿಂದ ಪ್ರಸಿದ್ಧಳಾದಳು. ಬೇರೆ ಎಷ್ಟೋ ಜನ ಕುಣಿದ ಚಿತ್ರಗಳನ್ನೂ ಅವಳ ಹೆಸರು ಹಾಕಿಯೇ ಮಾರಿದರು. ನಮ್ಮವಳು ಅಂಥವರಲ್ಲಿ ಒಬ್ಬಳು."

"ನನ್ನ ಸೈಟಿನಲ್ಲಿ ಒಂದು ಬಾಗಿಲಿಗೆ ಪಾಲಿಶ್ ಹಚ್ಚಿದರೂ ಹಚ್ಚಿದವನ ಹೆಸರು ದಾಖಲೆಯಲ್ಲಿ ಇರಬೇಕು. ಇದು ಕೊರತೆ." ಹಿಶಾಮ್ ಅಲ್ಲೇ ನಿಂತು ಪಟ್ಟಿಯ ಕೊನೆಗೆ ಹೊಸ ಸಾಲು ಬರೆದರು. ನಂಬರ್ ಐವತ್ತೆಂಟು: ಕುಣಿದವರ ಮತ್ತು ಕನಿಷ್ಠ ಮೂವರು ಬಣ್ಣದವರ ಹೆಸರು ಲೇಬಲಿನಲ್ಲಿ ಇಲ್ಲ. ಒದಗಿಸಿ. ದರ್ಜೆ ಸಿ. ಹೊಣೆ: ಎಲ್ಲರೂ.

ನಾಲ್ಕು ಗಂಟೆಗೆ ಆರ್ಕೈವ್‌ನ ಮಹಿಳೆ ಬಂದರು. ತಮ್ಮ ಪ್ರತಿಯ ಜೊತೆ ಹೋಲಿಸಿ ನೋಡಿ ಒಪ್ಪಿಗೆ ಕೊಟ್ಟರು. ನೌರಾ ಎಡಗೈಯವಳ ವಿಷಯ ಹೇಳಿದಾಗ ಅವರು ಬ್ಯಾಗ್ ಕೆಳಗಿಟ್ಟು ಮತ್ತೆ ಮೊದಲಿಂದ ನೋಡತೊಡಗಿದರು. ಮರುದಿನ ಸಂಜೆ ಬಾಗಿಲು ತೆರೆಯಿತು. ತಾಯಿಫಿನ ಕಾಲೇಜು ಹುಡುಗಿಯರು ಗುಂಪು ಗುಂಪಾಗಿ ಬಂದು ನೆಲದ ಮೇಲೆ ಕೂತು ಐವತ್ತೆರಡು ಸೆಕೆಂಡನ್ನು ಹತ್ತು ಹತ್ತು ಸಲ ನೋಡಿದರು. ಪರದೆಯ ಮೇಲೆ ಅವಳು ಹೂವಾದಳು, ಚಿಟ್ಟೆಯಾದಳು, ಬೆಂಕಿಯಾದಳು. ಪ್ರತಿಸಲವೂ ಬಣ್ಣ ಗೆರೆ ದಾಟಿ ನಡುಗಿತು. ನಾನು ಹಿಂದೆ ನಿಂತು ನೋಡಿದೆ, ನಿಜಕ್ಕೂ ಸಂತೋಷವಾಯಿತು. ಹಿಶಾಮ್ ತಮ್ಮ ಮಾತಿನಂತೆ ಕಂಪನಿಗೆ ಪತ್ರ ಬರೆದಿದ್ದರು. ಭಾನುವಾರ ನನಗೆ ಎಚ್ಚರಿಕೆಯ ಪತ್ರ ಬಂತು. ಅದು ನ್ಯಾಯವಾಗಿಯೇ ಇತ್ತು.

ಈ ವೃತ್ತಿ ನನಗೆ ಕಲಿಸಿದ್ದು ಒಂದು ಮಾತು, ಅದನ್ನೂ ಕೊನೆಯ ವರ್ಷಗಳಲ್ಲಿ. ಎದುರಿಗಿರುವವನಿಗೆ ಅರ್ಥವಾಗುವುದಿಲ್ಲ ಎಂದು ನಾವೇ ತೀರ್ಮಾನಿಸಿ, ಅವನಿಗೊಂದು ತೋರಿಸಿ ಇನ್ನೊಂದು ಮಾಡುವುದರಲ್ಲಿ ಅರ್ಧ ಆಯುಷ್ಯ ಕಳೆಯುತ್ತೇವೆ. ಕೂರಿಸಿ ತೋರಿಸಲು ಬೇಕಾದದ್ದು ಹತ್ತು ನಿಮಿಷ. ಆ ಹತ್ತು ನಿಮಿಷದ ಸೋಮಾರಿತನಕ್ಕೆ ನಾನು ಒಬ್ಬ ಹೆಣ್ಣುಮಗಳ ಹೆಸರನ್ನು ಪಣಕ್ಕಿಟ್ಟಿದ್ದೆ, ಹೆಸರೇ ಇಲ್ಲದ ಇನ್ನಷ್ಟು ಹೆಂಗಸರನ್ನು ಒರೆಸಿದ್ದೆ.

ನಿವೃತ್ತನಾಗಿ ಊರಿಗೆ ಬಂದು ಒಂದು ವರ್ಷವಾಯಿತು. ಪ್ರದರ್ಶನ ಮುಗಿದು, ಪೋಸ್ಟರು, ದೀಪಗಳೆಲ್ಲ ತಂತಮ್ಮ ದೇಶಕ್ಕೆ ಹೋಗಿ ಎಷ್ಟೋ ಕಾಲವಾಗಿದೆ. ಆದರೆ ನಮ್ಮ ಕಂಪನಿಯ ಕಂಪ್ಯೂಟರಿಗೆ ಅದೆಲ್ಲ ಗೊತ್ತಿಲ್ಲ. ಪಟ್ಟಿಯಲ್ಲಿ ಒಂದು ನಂಬರು ಬಾಕಿಯಿದೆ, ತಕ್ಷಣ ಕ್ಲೋಸ್ ಮಾಡಿ ಎಂದು ಅದು ಪ್ರತಿ ತಿಂಗಳು ಒಂದನೇ ತಾರೀಕು ತಾನಾಗಿಯೇ ಇಮೇಲ್ ಕಳಿಸುತ್ತದೆ. ನನ್ನ ಜಾಗಕ್ಕೆ ಬಂದ ಇಕ್ಬಾಲ್ ಮೊನ್ನೆಯೂ ಫೋನ್ ಮಾಡಿದ್ದ.

"ಸದಣ್ಣ, ಐವತ್ತೆಂಟು ಪುನಃ ಬಂತು ಮಾರಾಯ್ರೆ. ಹೆಡ್ ಆಫೀಸಿನವರು ಕ್ಲೋಸ್ ಮಾಡು ಅಂತ ತಲೆ ತಿನ್ನುತ್ತಾ ಇದ್ದಾರೆ. ಎಂತ ಬರೆಯುವುದು? ನೋಟೆಡ್ ಅಂತಲಾ?"

"ಬೇಡ ಮಾರಾಯ," ಎಂದೆ. "ಹುಡುಕುತ್ತಾ ಇದ್ದೇವೆ ಅಂತ ಬರೆ."